ಮೀನಿಗೆ ಊಟ ಆಗಿದೆ

ಮೊದಲು ಕಂಡದ್ದು ನನಗೇ. ಬೆಳಗಿನ ನಾಲ್ಕೂಕಾಲು,
ನನ್ನ ಟ್ರಾಮ್ ಹೊರಡಲು ಇನ್ನೂ ಹದಿನೆಂಟು ನಿಮಿಷ.
ಒಸ್ತ್ರಾವದ ಡಿಪೋ. ಚಾಲಕರು ಕಾಲು ಚಾಚುವ ಕೋಣೆ,
ಕಾಫಿ ಯಂತ್ರದ ಪಕ್ಕ ಇನ್ನೂರು ಲೀಟರಿನ ಗಾಜಿನ ತೊಟ್ಟಿ.
ಒಂದು ಗಪ್ಪಿಯ ಬಾಲದ ಬುಡದಲ್ಲಿ
ಹರಿದ ದಿಂಬಿನಿಂದ ಇಣುಕಿದ ಹಾಗೆ
ಚಿಟಿಕೆ ಅರಳೆ.

ಒರೆಸಿದರೆ ಹೋಗುವಂತಿತ್ತು. ಗಾಜು ಒರೆಸಿದೆ.
ಗಾಜಿಗೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಮರಳುವಷ್ಟರಲ್ಲಿ ಇನ್ನೆರಡಕ್ಕೆ.
ಮರುದಿನ ರೆಕ್ಕೆಗೆ, ಕಿವಿರಿಗೆ,
ಏಂಜೆಲ್ ಮೀನಿನ ಎಡಗಣ್ಣಿಗೆ.
ನಿಯಾನ್‌ಗಳು ಮಾತ್ರ ಕೆಂಪು ದೀಪ ಹೊತ್ತಿಸಿಕೊಂಡು
ಕೊನೆಯ ಟ್ರಿಪ್ಪಿನ ಗಾಡಿಗಳ ಹಾಗೆ
ಯಾರಿಗೂ ನಿಲ್ಲದೆ ಹೋಗುತ್ತಿದ್ದವು.

ವ್ಲಾಸ್ತಾ ಅಂದಳು, ಉಪ್ಪು ಹಾಕು ಯಾರ್ಮಿಲಾ.
ಅವಳಿಗೆ ಎಲ್ಲದಕ್ಕೂ ಉಪ್ಪೇ,
ಗಂಟಲು ನೋವಿಗೂ, ವೈನ್ ಚೆಲ್ಲಿದ ಮೇಜಿನ ಬಟ್ಟೆಗೂ.
ಆದರೆ ತಳದಲ್ಲಿ ಮೀಸೆಯಿಂದ ಮರಳು ಕೆದಕುವ
ಕೋರಿಗಳಿಗೆ ಉಪ್ಪು ಒಗ್ಗುವುದಿಲ್ಲ.
ಒಂದರ ಮದ್ದು ಇನ್ನೊಂದಕ್ಕೆ ಉರಿ.
ಒಂದೇ ನೀರಲ್ಲಿ ಬಾಳುವುದೆಂದರೆ
ಇದೇ ತಕರಾರು.

ಮಾರುಕಟ್ಟೆಯ ಹಿಂದೆ ತುಯೆತ್‌ಳ ಅಂಗಡಿ.
ಅವಳಪ್ಪ ವಿಯೆಟ್ನಾಮಿನಿಂದ ಇಲ್ಲಿನ ಕಾರ್ಖಾನೆಗೆ ಬಂದವನು,
ಅವಳು ಇಲ್ಲೇ ಹುಟ್ಟಿ ನಮಗಿಂತ ಚೆನ್ನಾಗಿ ನಮ್ಮ ಮಾತಲ್ಲಿ ಬೈಯುತ್ತಾಳೆ.
ಬಾಟಲಿಯಲ್ಲಿ ಒಯ್ದ ನೀರಿಗೆ ಕಾಗದ ಅದ್ದಿ, ಬಣ್ಣ ನೋಡಿ,
ಊಟ ಹಾಕುವವರು ಯಾರು, ಅಂದಳು.
ಎಲ್ಲರೂ, ಅಂದೆ.
ಎಲ್ಲರೂ ಅಂದರೆ?
ಪಾಳಿಗೆ ಇಪ್ಪತ್ತು ಜನ. ಮೂರು ಪಾಳಿ.
ಅವಳು ಪೆನ್ನು ಕೆಳಗಿಟ್ಟಳು.

ಹೆಬ್ಬೆರಳಷ್ಟು ಸೀಸೆ ಕೊಟ್ಟಳು, ಮೆಥಿಲೀನ್ ಬ್ಲೂ.
ದೊಡ್ಡ ತೊಟ್ಟಿಗೆ ಸುರಿದೀಯೆ ಜೋಕೆ,
ಫಿಲ್ಟರಿನಲ್ಲಿ ಒಳ್ಳೆಯ ಜೀವಗಳೂ ಇವೆ, ಅವೂ ಸತ್ತಾವು.
ಕಾಯಿಲೆಯವನ್ನು ಬೇರೆ ಬಕೆಟ್ಟಿಗೆ ಹಾಕು.
ಗಾಳಿಕಲ್ಲು ಬಿಡು, ಬೆಳಕು ಮುಚ್ಚು, ದಿನವೂ ನೀರು ಬದಲಿಸು.
ಆಮೇಲೆ ತಳ ಕೆದಕು. ಎಲ್ಲೋ ಏನೋ ಕೊಳೆಯುತ್ತಿದೆ.

ರಾತ್ರಿ ಪಾಳಿಯ ಒತಾಕರ್ ಟಾರ್ಚ್ ಹಿಡಿದ.
ಪೈಪಿನಲ್ಲಿ ನೀರು ಎಳೆದರೆ ಕಲ್ಲುಗಳ ಸಂದಿಯಿಂದ
ಎದ್ದು ಬಂತು ಬೂದು ಗಂಜಿ,
ತಿಂಗಳುಗಟ್ಟಲೆ ನಾವು ಹಾಕಿದ, ಯಾರೂ ತಿನ್ನದ ಅಕ್ಕರೆ.
ಮರದ ಬೊಡ್ಡೆ ಎತ್ತಿದೆವು.
ಅಡಿಯಲ್ಲಿ ಒಂದು ಹಾವುಮೀನು, ಕಾಣೆಯಾಗಿದೆ ಅಂತಲೂ
ಯಾರಿಗೂ ಗೊತ್ತಾಗಿರದ್ದು,
ಮೈತುಂಬ ಬಿಳಿ ಬೂಷ್ಟು ಹೊದ್ದು ಮಲಗಿತ್ತು.

ಒತಾಕರ್ ಟಾರ್ಚ್ ಆರಿಸಲಿಲ್ಲ.
ನಾನು ರಾತ್ರಿ ಎರಡಕ್ಕೆ ಹಾಕುತ್ತಿದ್ದೆ, ಅಂದ.
ಕೊನೆಯ ಗಾಡಿ ಒಳಗೆ ತಂದು ನಿಲ್ಲಿಸಿದ ಮೇಲೆ.
ಗಾಜಿನ ಹತ್ತಿರ ಬಂದು ಬಾಯಿ ತೆರೆಯುತ್ತವೆ ನೋಡು.
ನಾನು ಬಂದೆ ಅಂತ ಬೇರೆ ಯಾರು ಬಾಯಿ ತೆರೆಯುತ್ತಾರೆ?

ನಾನೂ ಹಾಕಿದ್ದೆ. ಐದೂವರೆಗೆ. ಹೇಳಲಿಲ್ಲ.

ಐದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಕೆಟ್,
ಮೇಲೆ ವ್ಲಾಸ್ತಾಳ ಹಳೆಯ ಸ್ವೆಟರ್.
ಹನಿ ಎಣಿಸಿದವರ ಬೆರಳೆಲ್ಲ ನೀಲಿ,
ಸೋಪಿಗೂ ಜಗ್ಗದ ನೀಲಿ.
ಬ್ರೇಕಿನ ಹಿಡಿಯ ಮೇಲೆ ಹಬ್ಬಿದ ನನ್ನ ನೀಲಿ ಕೈ ಕಂಡು
ಶಾಲೆಯ ಹುಡುಗನೊಬ್ಬ ಕೇಳಿದ, ಮತ ಹಾಕಿ ಬಂದಿರಾ ಅಂತಲ್ಲ,
ಪೆನ್ನು ಸೋರಿತಾ ಅಂತ. ಹೂಂ ಅಂದೆ.

ಎರಡು ಗಪ್ಪಿ ಉಳಿಯಲಿಲ್ಲ.
ಮೂರರ ಅರಳೆ ಉದುರಿ, ಅಡಿಯಲ್ಲಿ ಎಳೆಯ ಚರ್ಮ ಬಂತು.
ಏಂಜೆಲ್‌ನ ಎಡಗಣ್ಣು ಬೆಳ್ಳಗೇ ನಿಂತಿತು.
ಈಗ ಅದು ಬಲಕ್ಕೇ ತಿರುಗುತ್ತದೆ,
ಡಿಪೋದ ಸುತ್ತುಹಳಿಯ ಮೇಲಿನ ಗಾಡಿಯಂತೆ.

ತೊಟ್ಟಿಯ ಮೇಲೆ ರಟ್ಟು ಅಂಟಿಸಿದ್ದೇನೆ:
ಮೀನಿಗೆ ಊಟ ಆಗಿದೆ. ಕೆಳಗೆ ತಾರೀಖು, ಒಬ್ಬರದೇ ಸಹಿ.

ನಿನ್ನೆ ಗಾಡಿ ಕೆಟ್ಟು ತಡವಾಗಿ ಬಂದೆ.
ಎರಡು ಗಂಟೆ. ದೀಪ ಹಾಕದೆ ಒತಾಕರ್ ನಿಂತಿದ್ದ,
ಎರಡೂ ಕೈ ಜೇಬಿನಲ್ಲಿ.
ಮೀನುಗಳು ಗಾಜಿಗೆ ಬಂದು ಬಾಯಿ ತೆರೆಯುತ್ತಿದ್ದವು.
ಅವನು ಅವಕ್ಕೆ ಆ ರಟ್ಟನ್ನು
ನಿಧಾನಕ್ಕೆ, ಗಟ್ಟಿಯಾಗಿ
ಓದಿ ಹೇಳುತ್ತಿದ್ದ.